ಸಹಾಯ ಬೇಕು: ಕೇಳಬಾರದ್ದನ್ನು ಕೇಳಿಬಿಟ್ಟೆ, ಈಗ ಹೇಗೆ ಸರಿಮಾಡಲಿ?

ಎಲ್ಲರಿಗೂ ನಮಸ್ಕಾರ. ಮಾನವ ಕಳ್ಳಸಾಗಣೆಯಿಂದ ಪಾರಾಗಿ ಬಂದವರು ಇರುವ ಒಂದು ಆಶ್ರಯಧಾಮಕ್ಕೆ ಎರಡು ತಿಂಗಳಿಂದ ಸ್ವಯಂಸೇವಕಿಯಾಗಿ ಹೋಗುತ್ತಿದ್ದೇನೆ. ವಾರಕ್ಕೊಮ್ಮೆ, ಎರಡು ಗಂಟೆ.

ಕಳೆದ ವಾರ ಒಂದು ತಪ್ಪು ಮಾಡಿದೆ. ಚೆನ್ನಾಗಿ ಮಾತಾಡುತ್ತಿದ್ದ ಒಬ್ಬಳನ್ನು "ಮೊದಲೇ ಯಾಕೆ ತಪ್ಪಿಸಿಕೊಂಡು ಬರಲಿಲ್ಲ?" ಅಂತ ಕೇಳಿಬಿಟ್ಟೆ. ಸುಮ್ನೆ ಬಾಯಿಗೆ ಬಂದ ಮಾತು. ಅವಳು ಎದ್ದು ಹೋದಳು. ತಪ್ಪಿಸಿಕೊಳ್ಳುವುದು ಅಷ್ಟು ಸುಲಭವಲ್ಲ: ಸಾಲದ ಹೊರೆ, ಮನೆಯವರಿಗೆ ಏನಾದರೂ ಮಾಡುತ್ತೇವೆಂಬ ಬೆದರಿಕೆ, ಕಿತ್ತಿಟ್ಟುಕೊಂಡ ದಾಖಲೆಗಳು. ಬೀಗ ಹಾಕದೆಯೂ ಜನರನ್ನು ಹೀಗೇ ಕಟ್ಟಿಹಾಕುತ್ತಾರೆ. ಮೋಸ, ಬೆದರಿಕೆ ಇದ್ದ ಮೇಲೆ 'ಅವರೇ ಒಪ್ಪಿದ್ದರು' ಎಂಬ ಮಾತಿಗೆ ಬೆಲೆಯಿಲ್ಲ ಎಂದು ಮಾನವ ಕಳ್ಳಸಾಗಣೆ ತಡೆಯಲು ಮಾಡಿದ ವಿಶ್ವಸಂಸ್ಥೆಯ 2000ದ ಪಲೆರ್ಮೊ ಒಪ್ಪಂದವೇ ಹೇಳುತ್ತದೆ. ತರಬೇತಿಯಲ್ಲಿ ಎಲ್ಲ ಹೇಳಿಕೊಟ್ಟಿದ್ದರು. ಗೊತ್ತಿದ್ದೂ ಕೇಳಿದೆನಲ್ಲ!

ಅಲ್ಲಿನ ಆಪ್ತಸಮಾಲೋಚಕರಿಗೆ ತಿಳಿಸಿದ್ದೇನೆ. ಅವಸರ ಬೇಡ ಅಂದರು. ಕ್ಷಮೆ ಕೇಳಬೇಕು, ಆದರೆ ಅದೇ ಗಾಯ ಮತ್ತೆ ಕೆದಕಿದ ಹಾಗಾಗಬಾರದು, ಅಲ್ವಾ? ಇಂಥ ಕೆಲಸದ ಅನುಭವ ಇರುವವರು ಹೇಗೆ ಕೇಳಿದಿರಿ? ಜಾಸ್ತಿ ಮಾತಿಲ್ಲದೆ ಜೊತೆಗೆ ಕೂತು ಮಾಡುವ ಕೆಲಸಗಳಿದ್ದರೂ ತಿಳಿಸಿ. ಹೊಲಿಗೆ, ಚಿತ್ರ ಬಿಡಿಸುವುದು ಆಗಿದೆ. ಮೊಬೈಲ್ ಬೇಕಾಗುವಂಥದ್ದು ಬೇಡ, ಒಳಗೆ ಬಿಡುವುದಿಲ್ಲ (ಅದೇ ಸರಿ).

ಉತ್ತರದಲ್ಲಿ ಯಾರ ಹೆಸರು, ಊರು ಬರೆಯಬೇಡಿ. ಗುರುವಾರ ಮತ್ತೆ ಹೋಗಬೇಕು.