ಗರ್ಭಕೋಶದಲ್ಲಿ ‘ಗ್ರೋತ್ ಫ್ಯಾಕ್ಟರ್ ಕಡಿಮೆ’ ಅಂದರೆ ಏನು?

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 33 ವರ್ಷ. ಐವಿಎಫ್‌ನಲ್ಲಿ ಎರಡು ಸಲವೂ ಭ್ರೂಣ ಚೆನ್ನಾಗಿದೆ ಅಂದರು, ಆದರೆ ನಿಲ್ಲಲಿಲ್ಲ. ಗರ್ಭಕೋಶದಲ್ಲಿ ಗ್ರೋತ್ ಫ್ಯಾಕ್ಟರ್ ಕಡಿಮೆ ಇರಬಹುದು, ಪಿಆರ್‌ಪಿ ಹಾಕಿಸಿ ಅನ್ನುತ್ತಿದ್ದಾರೆ. ಊಟದಿಂದ ಹೆಚ್ಚಾಗುತ್ತಾ?

ಉತ್ತರ: ನಮಸ್ಕಾರ ಅಮ್ಮಾ. ಊಟದಿಂದ ಆಗುವುದಿಲ್ಲ. ಗ್ರೋತ್ ಫ್ಯಾಕ್ಟರ್ ಅಂದರೆ ಕೋಶಗಳಿಗೆ ಬೆಳೆಯಲು ಸೂಚನೆ ಕೊಡುವ ಪ್ರೋಟೀನ್‌ಗಳು, ತಿಂದರೆ ಜೀರ್ಣವಾಗಿಬಿಡುತ್ತವೆ. ಗರ್ಭಕೋಶದ ಒಳಪದರವೇ ಇವನ್ನು ತಯಾರಿಸಬೇಕು.

ಸಹಜವಾಗಿ ಭ್ರೂಣ ಅಂಡನಾಳದಿಂದ ಗರ್ಭಕೋಶಕ್ಕೆ ಇಳಿಯುವುದು ಅಂಡ ಫಲಿತವಾದ 4–5ನೇ ದಿನ. ಆಗ ಅದಕ್ಕೆ ತಾಯಿಯ ರಕ್ತದ ಸಂಪರ್ಕ ಇರುವುದಿಲ್ಲ; ಒಳಪದರದ ಗ್ರಂಥಿಗಳು ಸ್ರವಿಸುವ ದ್ರವವೇ ಆಹಾರ. ಆ ದ್ರವದಲ್ಲಿರುವ ಐಜಿಎಫ್‌ನಂಥ (ಇನ್ಸುಲಿನ್ ಹೋಲುವ ಗ್ರೋತ್ ಫ್ಯಾಕ್ಟರ್) ಅಂಶಗಳು ಭ್ರೂಣದ ಕೋಶಗಳು ಸಾಯದೆ ಉಳಿದು ವಿಭಜನೆಯಾಗಲು ನೆರವಾಗುತ್ತವೆ. ಎಚ್‌ಬಿ-ಇಜಿಎಫ್ ಎಂಬ ಇನ್ನೊಂದು ಗ್ರೋತ್ ಫ್ಯಾಕ್ಟರ್‌ನ ಕೆಲಸ ಬೇರೆ. ಇಲಿಗಳಲ್ಲಿ ಅದು ಭ್ರೂಣ ಬಂದು ಕೂತ ಜಾಗದಲ್ಲಿ ಮಾತ್ರ, ಅಂಟಿಕೊಳ್ಳುವುದಕ್ಕೆ ಕೆಲವೇ ಗಂಟೆ ಮೊದಲು ಕಾಣಿಸಿಕೊಳ್ಳುತ್ತದೆ. ಅಂದರೆ ಭ್ರೂಣವೂ ಗರ್ಭಕೋಶಕ್ಕೆ ಸುದ್ದಿ ಮುಟ್ಟಿಸುತ್ತಿದೆ!

1992ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ಇಂದಿಗೂ ಬೆರಗು. ಎಲ್‌ಐಎಫ್ ಎಂಬ ಅಂಶವನ್ನು ತಯಾರಿಸಲಾಗದ ಹೆಣ್ಣಿಲಿಗಳಲ್ಲಿ ಭ್ರೂಣ ಸರಿಯಾಗಿ ಬೆಳೆದರೂ ಗರ್ಭ ಕಚ್ಚಲಿಲ್ಲ. ಅವೇ ಭ್ರೂಣಗಳನ್ನು ಮಾಮೂಲಿ ಇಲಿಗಳಿಗೆ ಹಾಕಿದಾಗ ನಿಂತವು. ಕೊರತೆ ಇದ್ದದ್ದು ಗರ್ಭಕೋಶದಲ್ಲಿ.

ಹಾಗಾದರೆ ಎಲ್‌ಐಎಫ್ ಇಂಜೆಕ್ಷನ್ ಕೊಟ್ಟರಾಯಿತಲ್ಲ? ಕೊಟ್ಟು ನೋಡಿದರು. ಪದೇ ಪದೇ ಐವಿಎಫ್ ವಿಫಲವಾದ ಮಹಿಳೆಯರ ಮೇಲೆ ನಡೆದ ಆ ಅಧ್ಯಯನ 2009ರಲ್ಲಿ ಪ್ರಕಟವಾಯಿತು, ಪ್ರಯೋಜನವಾಗಲಿಲ್ಲ. ಮನುಷ್ಯರ ವಿಷಯ ಇಲಿಗಳಷ್ಟು ಸರಳವಲ್ಲ. ಯಾವ ಅಂಶ, ಎಲ್ಲಿ, ಯಾವ ಗಳಿಗೆಯಲ್ಲಿ ಅನ್ನುವುದೆಲ್ಲ ಕೂಡಿಬರಬೇಕು.

ಪಿಆರ್‌ಪಿ ಅಂದರೆ ನಿಮ್ಮದೇ ರಕ್ತದ ಪ್ಲೇಟ್‌ಲೆಟ್ ಹೆಚ್ಚಿರುವ ಭಾಗ. ಅದರಲ್ಲೂ ಗ್ರೋತ್ ಫ್ಯಾಕ್ಟರ್ ಇವೆ, ನಿಜ. ಒಳಪದರ ತೀರಾ ತೆಳುವಾಗಿರುವವರಲ್ಲಿ ಪ್ರಯತ್ನಿಸುತ್ತಾರೆ. ಎಲ್ಲರಿಗೂ ಹಾಕುವಷ್ಟು ಗಟ್ಟಿ ಪುರಾವೆ ಇನ್ನೂ ಇಲ್ಲ. ನಿಮ್ಮಲ್ಲಿ ‘ಕಡಿಮೆ’ ಎಂದು ಖಚಿತವಾಗಿ ತೋರಿಸುವ ಮಾಮೂಲಿ ಪರೀಕ್ಷೆಯೂ ಇಲ್ಲ. ಯಾವ ಆಧಾರದ ಮೇಲೆ ಹೇಳಿದಿರಿ ಎಂದು ಡಾಕ್ಟರನ್ನು ಧೈರ್ಯವಾಗಿ ಕೇಳಿ, ದುಡ್ಡು ಕಟ್ಟುವ ಮೊದಲೇ.

ಪ್ರಶ್ನೆ: ಮತ್ತೆ ಎರಡು ಸಲವೂ ಯಾಕೆ ಹೀಗಾಯಿತು ಮೇಡಂ? ಮೊದಲನೇ ಸಲ ನಾನು ಮೆಟ್ಟಿಲು ಹತ್ತಿದ್ದೆ, ಅದಕ್ಕಾ?

ಉತ್ತರ: ಖಂಡಿತ ಅಲ್ಲ. ಅದನ್ನು ಮನಸ್ಸಿನಿಂದ ತೆಗೆದುಹಾಕಿ. ಸೂಕ್ಷ್ಮದರ್ಶಕದಲ್ಲಿ ಚೆನ್ನಾಗಿ ಕಾಣುವ ಭ್ರೂಣದಲ್ಲೂ ಕ್ರೋಮೋಸೋಮ್ ಸಂಖ್ಯೆ ಏರುಪೇರಾಗಿರಬಹುದು. ನಿಲ್ಲದಿರಲು ಅದು ದೊಡ್ಡ ಕಾರಣ. ಒಳಪದರದ ದಪ್ಪ, ಪಾಲಿಪ್ (ಒಳಪದರದಲ್ಲಿ ಬೆಳೆಯುವ ಸಣ್ಣ ಗಂಟು), ಅಂಡನಾಳದಲ್ಲಿ ನೀರು ತುಂಬಿರುವುದು, ಥೈರಾಯ್ಡ್, ಇಷ್ಟನ್ನೂ ನೋಡಿದ್ದಾರಾ? ಎರಡೂ ಸಲದ ರಿಪೋರ್ಟ್ ಇಟ್ಟುಕೊಂಡು ಇದನ್ನು ಮೊದಲು ವಿಚಾರಿಸಿ, ಪಿಆರ್‌ಪಿ ಮಾತು ಆಮೇಲೆ.