ಹಳೇ ಕನ್ನಡ ವೆಬ್‌ಸೈಟ್‌ಗಳು ಯಾರ್ಯಾರಿಗೆ ನೆನಪಿವೆ? ಆ ಪುಟಗಳನ್ನ ಈಗ ಓದೋಕಾಗುತ್ತಾ?

ಮಲೆನಾಡಿಗ:
ಎಲ್ರಿಗೂ ನಮಸ್ಕಾರ. 2003ರ ಸುಮಾರಿಗೆ ಶಿವಮೊಗ್ಗದಲ್ಲಿ ಡಿಗ್ರಿ ಓದ್ತಿದ್ದಾಗ ಸೈಬರ್ ಸೆಂಟರ್‌ಗೆ ಹೋದ್ರೆ ನಾನು ಮೊದ್ಲು ತೆಗೀತಿದ್ದಿದ್ದೇ ದಟ್ಸ್‌ಕನ್ನಡ. ಗಂಟೆಗೆ 20 ರೂಪಾಯಿ, ಅದ್ರಲ್ಲಿ ಅರ್ಧ ಹೊತ್ತು ಪುಟ ಲೋಡ್ ಆಗೋಕೇ ಹೋಗ್ತಿತ್ತು, ಆದ್ರೂ ಸ್ಕ್ರೀನ್ ಮೇಲೆ ಕನ್ನಡ ಅಕ್ಷರ ಮೂಡಿದ್ರೆ ಪಕ್ಕದ ಸೀಟಿನವನನ್ನ ಕರೆದು ತೋರಿಸ್ತಿದ್ದೆ, ಅಷ್ಟು ಖುಷಿ. ಶ್ರೀವತ್ಸ ಜೋಶಿಯವರು ಅಮೆರಿಕದಲ್ಲಿ ಕೂತು ವಾರ ವಾರ ಬರೀತಿದ್ದ ವಿಚಿತ್ರಾನ್ನ ಅಂಕಣಕ್ಕೆ ಕಾಯ್ತಿದ್ದೆ. 2005ರಲ್ಲಿ ಹರಿಪ್ರಸಾದ್ ನಾಡಿಗ್ ಸಂಪದ ಅನ್ನೋ ಸೈಟ್ ಶುರು ಮಾಡಿದ್ಮೇಲಂತೂ ಪೇಪರಲ್ಲಿ ಯಾವತ್ತೂ ಹೆಸರು ಬರದಿದ್ದ ನಮ್ಮಂಥೋರೂ ಬರೀಬಹುದು ಅಂತಾಯ್ತು, ಬರೆದು ಹಾಕಿದ್ರೆ ಯಾರೋ ಹಿರಿಯರು ಬಂದು ಅಲ್ಪಪ್ರಾಣ ಮಹಾಪ್ರಾಣ ತಿದ್ದಿ ಒಂದೊಳ್ಳೆ ಮಾತು ಹೇಳಿ ಹೋಗೋರು. ನಿಮಗೆ ಯಾವ್ದು ನೆನಪಿದೆ ಹೇಳಿ. ಇನ್ನೊಂದು, ಆ ಕಾಲದ ಪುಟಗಳನ್ನ ವೇಬ್ಯಾಕ್ ಮಷೀನ್‌ನಲ್ಲಿ (ಹಳೇ ವೆಬ್ ಪುಟಗಳ ಪ್ರತಿ ಕಾಪಿಟ್ಟಿರೋ ಸೈಟ್) ತೆಗೆದ್ರೆ ಕನ್ನಡದ ಬದ್ಲು ಏನೇನೋ ಚಿಹ್ನೆ ಬರ್ತಿವೆ. ಓದೋಕೆ ಏನಾದ್ರೂ ದಾರಿ ಇದ್ಯಾ?

ಕಡಲಾಚೆಯವ:
ನಾನು 98ರಲ್ಲಿ ಅಮೆರಿಕಕ್ಕೆ ಬಂದೋನು, ನನ್ ಮಟ್ಟಿಗೆ ಆಗಿನ ಇಂಟರ್ನೆಟ್ ಅಂದ್ರೆ ಕ್ರಿಕೆಟ್ ಸ್ಕೋರ್ ಕೊಡೋ ಕ್ರಿಕ್‌ಇನ್ಫೋ ಸೈಟ್. 1999ರ ಫೆಬ್ರವರಿ 7, ದೆಲ್ಲಿ ಕೋಟ್ಲಾದಲ್ಲಿ ನಮ್ಮ ಕುಂಬ್ಳೆ ಪಾಕಿಸ್ತಾನದ ಮೇಲೆ ಹತ್ತಕ್ಕೆ ಹತ್ತೂ ತೆಗೆದ ದಿನ ಇಲ್ಲಿ ಇನ್ನೂ ಬೆಳಕು ಹರಿದಿರ್ಲಿಲ್ಲ, ರೂಮಲ್ಲಿದ್ದೋರೆಲ್ಲ ಒಂದೇ ಕಂಪ್ಯೂಟರ್ ಸುತ್ತ ನಿಂತಿದ್ವಿ. ವಿಡಿಯೋನೂ ಇಲ್ಲ ಆಡಿಯೋನೂ ಇಲ್ಲ, ಬರೀ ಅಕ್ಷರ, ಒಬ್ಬ ರಿಫ್ರೆಶ್ ಒತ್ತೋದು, ಬಂದಿದ್ದನ್ನ ಇನ್ನೊಬ್ಬ ಜೋರಾಗಿ ಓದೋದು. ಒಂಬತ್ತಾದ್ಮೇಲೆ, ಹತ್ತನೇದೂ ಕುಂಬ್ಳೆಗೇ ಸಿಗ್ಲಿ ಅಂತ ಶ್ರೀನಾಥ್ ಬೇಕಂತಲೇ ವಿಕೆಟ್‌ನಿಂದ ದೂರ ಹಾಕ್ತಿದ್ದಾನೆ ಅಂತ ಓದ್ತಾ ಓದ್ತಾನೇ ಗೊತ್ತಾಯ್ತು. ಕೊನೆಗೆ ಅಕ್ರಂ ಕ್ಯಾಚ್ ಲಕ್ಷ್ಮಣ್ ಬೌಲ್ಡ್ ಕುಂಬ್ಳೆ ಅನ್ನೋ ಸಾಲು ಬಂತು ನೋಡಿ, ನಾವು ಕೂಗಿದ್ದಕ್ಕೆ ಕೆಳಗಿನ ಮನೆಯೋರು ಎದ್ದು ಬಂದು ಬಾಗಿಲು ಬಡಿದ್ರು. ಈಗ ಫೋನಲ್ಲೇ ಲೈವ್ ನೋಡ್ತೀನಿ, ಆ ಸಂಭ್ರಮ ಇಲ್ಲ.
ಕಾಮತ್ ಡಾಟ್ ಕಾಮ್ ಕೂಡ ಸೇರಿಸ್ಕೊಳ್ಳಿ. ಕೃಷ್ಣಾನಂದ ಕಾಮತರ ಫೋಟೋ, ಜ್ಯೋತ್ಸ್ನಾ ಕಾಮತರ ಬರಹ, ಊರು ತುಂಬಾ ನೆನಪಾದಾಗ ಅದನ್ನೇ ತೆಗೆದು ಕೂರ್ತಿದ್ದೆ.

ಧಾರವಾಡ ಪೇಡೆ:
ಗೂಗಲ್‌ದ ಹಳೇ ಸೋಶಿಯಲ್ ಸೈಟ್ ಆರ್ಕುಟ್ ಬಿಟ್ರ ಹೆಂಗ್ರಿ? ಒಬ್ಬರ ಪ್ರೊಫೈಲ್‌ನಾಗ ಬರಿಯೂ ಸ್ಕ್ರ್ಯಾಪ್ ಅಂತೂ ಎಲ್ಲಾರಿಗೂ ಕಾಣ್ತಿತ್ತು, ಅದಕ್ಕ ಗುಟ್ಟಿನ ಮಾತು ಇದ್ರ ಟೆಸ್ಟಿಮೋನಿಯಲ್‌ನಾಗ (ಗೆಳ್ಯಾರ ಬಗ್ಗೆ ಬರಿಯೂ ನಾಕು ಒಳ್ಳೆ ಮಾತು) ಬರದು ಮ್ಯಾಲೆ "ಆಕ್ಸೆಪ್ಟ್ ಮಾಡಬ್ಯಾಡ" ಅಂತ ಹಾಕಿ ಕಳಸ್ತಿದ್ವಿ, ಆಕ್ಸೆಪ್ಟ್ ಮಾಡೂತನಕ ಬ್ಯಾರೆದವ್ರಿಗೆ ಅದು ಕಾಣ್ತಿರಲಿಲ್ಲ. ಯಾರ್ಯಾರು ಪ್ರೊಫೈಲ್ ನೋಡಿ ಹೋಗ್ಯಾರ ಅಂತ ದಿನಾ ಚೆಕ್ ಮಾಡೂದು ಬ್ಯಾರೆ. ಕನ್ನಡ ಕಮ್ಯುನಿಟಿಗೊಳಾಗ ಬೇಂದ್ರೆ ಅಜ್ಜನ ಒಂದು ಸಾಲು ಹಿಡ್ಕೊಂಡು ರಾತ್ರಿ ಎಲ್ಲಾ ಜಗಳಾಡಿದ್ದು ಇವತ್ತಿಗೂ ನೆನಪೈತಿ, ಹಂಗ ಮಾತಾಡಾಕ ಈಗ ಎಲ್ಲೂ ಸಿಗವಲ್ದು. 2014ರ ಸೆಪ್ಟೆಂಬರ್ 30ಕ್ಕ ಮುಚ್ಚಿದ್ರು. ಮುಚ್ಚೂಕಿಂತ ಮೊದ್ಲ ನಮ್ಮ ನಮ್ಮ ಪ್ರೊಫೈಲ್ ಇಳಿಸ್ಕೊಳ್ಳಾಕ ಅವಕಾಶ ಇತ್ತು, ನಾನು ಇಳಿಸ್ಕೊಂಡೀನಿ, ಹಾಸ್ಟೆಲ್ ಗೆಳತ್ಯಾರು ಬರದ ಟೆಸ್ಟಿಮೋನಿಯಲ್ ಎಲ್ಲಾ ಅದರಾಗ ಅದಾವ.

ಅಕ್ಷರಪ್ರೇಮಿ:
@ಮಲೆನಾಡಿಗ, ದಾರಿ ಇದೆ. ಯೂನಿಕೋಡ್ ಅಂದ್ರೆ ಎಲ್ಲಾ ಕಂಪ್ಯೂಟರಲ್ಲೂ ಒಂದೇ ಥರ ಇರೋ ಅಕ್ಷರ ಸಂಕೇತ, ವಿಂಡೋಸ್‌ಗೆ ಕನ್ನಡ ಯೂನಿಕೋಡ್ ಬೆಂಬಲ ಬಂದಿದ್ದೇ 2001ರ ಎಕ್ಸ್‌ಪಿ ಜೊತೆ. ಯು.ಬಿ. ಪವನಜ ಅವರ ವಿಶ್ವಕನ್ನಡ ಸೈಟ್ 1996ರಲ್ಲೇ ಬಂದಿತ್ತು, ಅಂದ್ರೆ ಅಷ್ಟು ವರ್ಷ ಎಲ್ರೂ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನ ಕೂರಿಸಿದ ಫಾಂಟ್‌ಗಳನ್ನೇ ನಂಬ್ಕೊಂಡಿದ್ರು. ಕೊಂಬು, ದೀರ್ಘ, ಒತ್ತು ಎಲ್ಲಕ್ಕೂ ಬೇರೆ ಬೇರೆ ಕೋಡ್. ಫಾಂಟ್ ಇಲ್ದಿದ್ರೆ ಬ್ರೌಸರ್ ಆ ಚಿಹ್ನೆಗಳನ್ನೇ ತೋರ್ಸುತ್ತೆ. ಕೆಲವು ಸೈಟ್‌ಗಳು ಪುಟದ ಜೊತೆಗೇ ಫಾಂಟ್ ಕಳಿಸ್ತಿದ್ವು, ಅದು ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಮಾತ್ರ ಅರ್ಥ ಆಗ್ತಿತ್ತು.
ನೀವು ಪುಟದ ಸೋರ್ಸ್ (ಅದರ ಹಿಂದಿರೋ ಕೋಡ್) ತೆಗೆದು ಫಾಂಟ್ ಹೆಸರು ನೋಡಿ. ಬರಹ ಅಥವಾ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಫಾಂಟ್ ಆಗಿದ್ರೆ ಪಠ್ಯ ಕಾಪಿ ಮಾಡಿ ನುಡಿಯಿಂದ ಯೂನಿಕೋಡ್‌ಗೆ ಬದಲಿಸೋ ಆನ್‌ಲೈನ್ ಕನ್ವರ್ಟರ್‌ಗೆ ಹಾಕಿ, ಮುಕ್ಕಾಲುಪಾಲು ಸರಿಯಾಗೇ ಬರುತ್ತೆ. ಅರ್ಕಾವತ್ತು ಇರೋ ಕಡೆ ಮಾತ್ರ ಕಣ್ಣಿಟ್ಟು ನೋಡಿ, ಸೂರ್ಯ, ಕಾರ್ಯ ಇಂಥವು ಕೆಲವೊಮ್ಮೆ ಕೆಟ್ಟಿರ್ತವೆ. ಶ್ರೀಲಿಪಿ ಅನ್ನೋ ಇನ್ನೊಂದು ಸಾಫ್ಟ್‌ವೇರ್‌ನ ಫಾಂಟ್ ಆದ್ರೆ ಅದರ ಕೋಡೇ ಬೇರೆ, ಈ ಕನ್ವರ್ಟರ್ ಆಗಲ್ಲ.

ಮಲೆನಾಡಿಗ:
ಸರ್ ಬಂತು!! ಯಾರೋ ಹವ್ಯಾಸಿಗಳು ಮಾಡಿದ್ದ ಕವಿತೆಗಳ ಪುಟ ಅದು, ಸೋರ್ಸಲ್ಲಿ ಬಿಆರ್‌ಎಚ್ ಕನ್ನಡ ಅಂತಿತ್ತು, ಹಾಗಾಗಿ ಬರಹದ್ದೇ. ಕನ್ವರ್ಟರ್‌ಗೆ ಹಾಕಿದೆ, ಪೂರ್ತಿ ಓದೋಕಾಗ್ತಿದೆ, ಎರಡು ಕಡೆ ಅರ್ಕಾವತ್ತು ನೀವಂದಂಗೇ ಜಾಗ ಬಿಟ್ಟು ಕೂತಿತ್ತು, ಕೈಯಲ್ಲೇ ಸರಿ ಮಾಡ್ದೆ. ಯಾರತ್ರ ಹಳೇ ಲಿಂಕ್‌ಗಳಿವೆಯೋ ಇಲ್ಲೇ ಹಾಕಿ, ರಾತ್ರಿ ಹೊತ್ತು ಬಿಡುವಿರುತ್ತೆ, ನಾನು ಒಂದೊಂದಾಗಿ ಯೂನಿಕೋಡ್ ಮಾಡ್ತೀನಿ. ಬರೆದೋರು ಸಿಕ್ರೆ ಅವರನ್ನ ಕೇಳಿಯೇ ಹಾಕೋಣ.