ಮಾಲ್‌ನಲ್ಲಿ ಸಿಕ್ಕ ಏಜೆಂಟ್ ಬಗ್ಗೆ ಅಕ್ಕನಿಗೆ

ಅಕ್ಕಾ, ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತದೆ, ಅದಕ್ಕೇ ಮಾತಾಡಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಅಡುಗೆ ಮಾಡುತ್ತಾ ಕೇಳಿ.

ಮಾಲ್‌ನಲ್ಲಿ ಯಾರೋ ಪುಟ್ಟಿಯನ್ನು ನೋಡಿ "ಮುಖದಲ್ಲಿ ಎಂಥ ಕಳೆ!" ಅಂದರು, ಸೀರಿಯಲ್ ಆಡಿಷನ್‌ಗೆ ಕರೆದರು, ಮಾರನೇ ದಿನವೇ ಸೆಲೆಕ್ಟ್ ಅಂದರು, ಈಗ ಪೋರ್ಟ್‌ಫೋಲಿಯೋಗೆ, ಅಂದರೆ ಅವಳ ಫೋಟೋ ಆಲ್ಬಮ್‌ಗೆ, 40,000 ಕೇಳುತ್ತಿದ್ದಾರೆ. ಇಷ್ಟೇ ತಾನೆ? ಕಟ್ಟಬೇಡಿ. ಇವತ್ತೇ ಕಟ್ಟಿದರೆ 25,000ಕ್ಕೆ ಮಾಡಿಕೊಡುತ್ತಾರೆ ಅಂದಿರಲ್ಲ, ಅದು ಕೇಳಿದ ಮೇಲಂತೂ ನನಗೆ ಅನುಮಾನವೇ ಉಳಿಯಲಿಲ್ಲ. ಪಾತ್ರ ಕೊಡುವವರು ಸೀರೆ ಅಂಗಡಿಯವರ ಹಾಗೆ ಡಿಸ್ಕೌಂಟ್ ಹಾಕುತ್ತಾರಾ?

ಈ ಲೈನಿನಲ್ಲಿ ಕಾಸ್ಟಿಂಗ್ ಡೈರೆಕ್ಟರ್‌ಗೆ, ಅಂದರೆ ಪಾತ್ರಕ್ಕೆ ಯಾರು ಅಂತ ಆರಿಸುವವರಿಗೆ, ದುಡ್ಡು ಕೊಡುವುದು ಪ್ರೊಡಕ್ಷನ್‌ನವರು. ಏಜೆಂಟ್‌ಗಳು ಕಮಿಷನ್ ತೆಗೆದುಕೊಳ್ಳುತ್ತಾರೆ, ನಿಜ. ಆದರೆ ಕೆಲಸ ಮುಗಿದು ಪೇಮೆಂಟ್ ಕೈಗೆ ಬಂದ ಮೇಲೆ, ಅದರಲ್ಲಿ ಇಷ್ಟು ಪಾಲು ಅಂತ. ಮೊದಲೇ ದುಡ್ಡು ನಿಮ್ಮ ಜೇಬಿನಿಂದ ಬಂದುಬಿಟ್ಟರೆ ಆಮೇಲೆ ಪುಟ್ಟಿಗೆ ಕೆಲಸ ಹುಡುಕುವ ದರ್ದು ಅವರಿಗೇನಿದೆ? ಅವರ ವ್ಯಾಪಾರ ಫೋಟೋದಲ್ಲೇ ಮುಗಿಯಿತು.

ಆ ಫೋಟೋನೂ ಅಷ್ಟೇ. ಮಕ್ಕಳ ಮುಖ ನೋಡನೋಡುತ್ತಲೇ ಬದಲಾಗುತ್ತದೆ. ಮುಂದಿನ ಎರಡು ಹಲ್ಲು ಬಿದ್ದರೆ ಆ ಆಲ್ಬಮ್ ಬೀರು ಸೇರುತ್ತದೆ. ಕಿಟಕಿ ಹತ್ತಿರ ನಿಲ್ಲಿಸಿ, ಮೇಕಪ್ ಬೇಡ, ಮೊಬೈಲ್‌ನಲ್ಲೇ ತೆಗೆಯಿರಿ. ನೇರ ಒಂದು, ಪಕ್ಕದಿಂದ ಒಂದು, ತಲೆಯಿಂದ ಕಾಲಿನವರೆಗೆ ಒಂದು. ಹೆಸರು, ವಯಸ್ಸು, ಎತ್ತರ, ಬರುವ ಭಾಷೆ ಅವಳೇ ಹೇಳುವ ಸಣ್ಣ ವಿಡಿಯೋ. ಮೊದಲ ಸುತ್ತಿಗೆ ಸಾಕು.

ಇದನ್ನು ಭಾವನಿಗೂ ಕೇಳಿಸಿ. 14 ವರ್ಷದೊಳಗಿನ ಮಕ್ಕಳನ್ನು ಸುಮ್ನೆ ಕ್ಯಾಮೆರಾ ಮುಂದೆ ನಿಲ್ಲಿಸುವ ಹಾಗಿಲ್ಲ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು, ಮರುವರ್ಷ ನಿಯಮ ಬಂತು. ಶೂಟಿಂಗ್ ನಡೆಯುವ ಜಿಲ್ಲೆಯ ಮ್ಯಾಜಿಸ್ಟ್ರೇಟ್, ಅಂದರೆ ನಮ್ಮ ಡಿಸಿ, ಅವರಿಂದ ಪ್ರೊಡಕ್ಷನ್‌ನವರು ಪರ್ಮಿಷನ್ ತೆಗೆದುಕೊಳ್ಳಬೇಕು. ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ, ಬಿಡುವಿಲ್ಲದೆ 3 ಗಂಟೆ ಮೀರುವಂತಿಲ್ಲ. ಸಂಪಾದನೆಯಲ್ಲಿ ಕನಿಷ್ಠ ಶೇ. 20ರಷ್ಟು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಎಫ್‌ಡಿ ಆಗಬೇಕು. ಅವರಿಗೆ ಫೋನ್ ಮಾಡಿ, "ಡಿಸಿ ಪರ್ಮಿಷನ್ ಯಾರು ತರುತ್ತಾರೆ ಸಾರ್?" ಅಂತ ಮೆಲ್ಲಗೆ ಕೇಳಿ ನೋಡಿ. ನಿಜವಾಗಿ ಮಕ್ಕಳ ಕೈಲಿ ಕೆಲಸ ಮಾಡಿಸುವವರಿಗೆ ಇದು ಗೊತ್ತಿರಲೇಬೇಕು. "ಅದೆಲ್ಲ ನಾವು ನೋಡಿಕೊಳ್ಳುತ್ತೇವೆ ಮೇಡಂ, ನೀವು ಅಮೌಂಟ್ ಹಾಕಿ" ಅಂದರೆ ಫೋನ್ ಇಟ್ಟುಬಿಡಿ.

ಯಾವ ಸೀರಿಯಲ್, ಯಾವ ಪ್ರೊಡಕ್ಷನ್ ಅಂತಲೂ ಕೇಳಿ. ದೊಡ್ಡ ಚಾನೆಲ್ ಹೆಸರು ಹೇಳಿದ ಮಾತ್ರಕ್ಕೆ ನಂಬಬೇಡಿ, ಆ ಕಂಪನಿಯ ಆಫೀಸಿನ ನಂಬರ್ ನೀವೇ ಹುಡುಕಿ ವಿಚಾರಿಸಿ. ಅವರು ಕೊಟ್ಟ ನಂಬರಿಗಲ್ಲ! ಆಮೇಲೆ "ಅಮ್ಮ ಹೊರಗೆ ಕೂತಿರಲಿ, ಮಗು ಒಳಗೆ ಬರಲಿ" ಅಂದರೆ ಎದ್ದು ಬನ್ನಿ. ಇದರಲ್ಲಿ ಮುಲಾಜು ಬೇಡ.

ರಿಜಿಸ್ಟ್ರೇಷನ್ ಅಂತ 2,000 ಆಗಲೇ ಯುಪಿಐ ಮಾಡಿದ್ದೀರಲ್ಲ, ಅದರ ಸ್ಕ್ರೀನ್‌ಶಾಟ್, ಚಾಟ್ ಯಾವುದನ್ನೂ ಡಿಲೀಟ್ ಮಾಡಬೇಡಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ, ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು.

ಪುಟ್ಟಿಗೆ ಆಸೆ ಇದೆ, ಅದನ್ನು ಚಿವುಟಬೇಡಿ. ಇಲ್ಲಿ ಮೈಸೂರಿನ ರಂಗಾಯಣದಲ್ಲಿ ಬೇಸಿಗೆ ರಜೆಗೆ ಚಿಣ್ಣರ ಮೇಳ ಮಾಡುತ್ತಾರೆ. ಮಕ್ಕಳು ಕುಣಿದು, ಹಾಡಿ, ಕೊನೆಗೆ ನಾಟಕವನ್ನೇ ಆಡುತ್ತಾರೆ. ಅರ್ಜಿಗೆ ನೂಕುನುಗ್ಗಲು ಇರುತ್ತದೆ, ಆ ಕ್ಯೂನಲ್ಲಿ ನಾನು ನಿಲ್ಲುತ್ತೇನೆ. ಅವಳು ನಮ್ಮ ಮನೆಯಲ್ಲೇ ಇದ್ದು ಹೋಗಿಬರಲಿ. ಜನ್ಮ ಪ್ರಮಾಣಪತ್ರದ ಜೆರಾಕ್ಸ್ ಒಂದು ತೆಗೆದಿಟ್ಟಿರಿ.